ಹನ್ನೊಂದು ಭಾನುವಾರ ಕಾದ ಬಾಗಿಲ ಸೆನ್ಸರ್

ಬಹಳ ಹಿಂದೆ ಎಂದರೆ ಸುಳ್ಳಾದೀತು. ಹೋದ ಬೇಸಿಗೆಯಷ್ಟು ಹಿಂದೆ, ಏಳು ಕಡಲಿನಾಚೆಯೇನಲ್ಲ, ಒಂದು ಬೀದಿಯ ತಿರುವಿನಲ್ಲಿ ಒಂದು ಮನೆಯಿತ್ತು. ಆ ಮನೆಗೆ ಮೂವರು ಕಾವಲುಗಾರರು. ಮೂವರೂ ಬೆಂಕಿಪೊಟ್ಟಣಕ್ಕಿಂತ ದೊಡ್ಡವರಲ್ಲ. ಒಬ್ಬ ಮುಂಬಾಗಿಲ ಚೌಕಟ್ಟಿಗೆ ಅಂಟಿಕೊಂಡಿದ್ದ. ಇನ್ನೊಬ್ಬ ಹಿಂಬಾಗಿಲಿಗೆ. ಮೂರನೆಯವನು ಬಚ್ಚಲಮನೆಯ ಮೂಲೆಯಲ್ಲಿ ನೆಲಕ್ಕೆ ಮುಖ ಹಚ್ಚಿ ಮಲಗಿದ್ದ. ಅವರು ಅನ್ನ ಕೇಳುತ್ತಿರಲಿಲ್ಲ, ರಜೆ ಕೇಳುತ್ತಿರಲಿಲ್ಲ, ಕೂತಲ್ಲೇ ತೂಕಡಿಸುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಎರಡೇ. ವರ್ಷಕ್ಕೋ ಎರಡು ವರ್ಷಕ್ಕೋ ನಾಣ್ಯದಗಲದ ಒಂದು ಹೊಸ ಬ್ಯಾಟರಿ. ಆಗೊಮ್ಮೆ ಈಗೊಮ್ಮೆ ಒಂದಿಷ್ಟು ಹೊಸ ಬುದ್ಧಿ. ಅಷ್ಟನ್ನೂ ಕೊಡದೆ ಆ ಮನೆಯವರು ಪಟ್ಟ ಪಾಡೇ ಈ ಕಥೆ.

ಮನೆಯಲ್ಲಿ ಮೂರು ಜನ. ಸೊಸೆ ಹೊಲಿಗೆಯವಳು. ಮನೆಯಿಂದ ಹತ್ತು ಬಾಗಿಲು ದಾಟಿದರೆ ಅವಳ ಅಂಗಡಿ. ಗಂಡ ಗಡಿಯಾರ ರಿಪೇರಿಯವನು. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಅವನದೊಂದು ಗೂಡಂಗಡಿ. ಕೈಗಡಿಯಾರ, ಗೋಡೆ ಗಡಿಯಾರ, ಕಾರಿನ ರಿಮೋಟು, ಯಾವುದಕ್ಕೆ ಬ್ಯಾಟರಿ ಹಾಕಬೇಕಾದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಊರಿಗೆಲ್ಲ ಹೊತ್ತು ಸರಿಮಾಡಿ ಕೊಡುವ ಈ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ‘ಐದ್ನಿಮಿಷ’. ಯಾವ ಕೆಲಸ ಹೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದೇ. ಆ ಐದು ನಿಮಿಷ ಯಾವಾಗ ಶುರುವಾಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯವರು ಮಾವ. ಮೂವತ್ತೆರಡು ವರ್ಷ ಊರಿಗೆ ನೀರು ಬಿಟ್ಟವರು. ಯಾವ ಬೀದಿಯ ವಾಲ್ವು ಎಷ್ಟು ಸುತ್ತು ತಿರುಗಬೇಕು, ಯಾವ ಪೈಪು ಎಲ್ಲಿ ಬಾಗುತ್ತದೆ, ಎಲ್ಲ ಅವರ ಬೆರಳ ತುದಿಯಲ್ಲಿತ್ತು. ಈಚೆಗೆ ಅವರ ನೆನಪು ಸೋರತೊಡಗಿತ್ತು. ಕೆಲಸದಿಂದ ಇಳಿದು ವರ್ಷಗಳಾದದ್ದು ಮರೆತುಹೋಗಿ, ಬೆಳಗಿನ ಹೊತ್ತು ಥಟ್ಟನೆ ಎದ್ದು, “ಮೇಲಿನ ಬೀದಿಗೆ ಇನ್ನೂ ನೀರು ಬಿಟ್ಟಿಲ್ಲ, ಬೈತಾರೆ” ಎಂದು ಹೊರಟುಬಿಡುತ್ತಿದ್ದರು. ಎರಡು ಸಲ ಚೌಕದ ವಾಲ್ವಿನ ಹತ್ತಿರ ಸಿಕ್ಕಿದ್ದರು. ಚೌಕವೆಂದರೆ ನಾಲ್ಕು ಕಡೆಯಿಂದಲೂ ಬಸ್ಸು ನುಗ್ಗುವ ಜಾಗ.

ಅದಕ್ಕೇ ಅತ್ತಿಗೆ ಆ ಮೂರು ಸೆನ್ಸರುಗಳನ್ನು ತಂದು ಹಾಕಿದ್ದು. ಅತ್ತಿಗೆ ಎಂದರೆ ಗಂಡನ ಅಕ್ಕ. ದೊಡ್ಡಾಸ್ಪತ್ರೆಯಲ್ಲಿ ಬೆಂಕಿಯ ಅಲಾರಂ ನೋಡಿಕೊಳ್ಳುವ ಮೆಕ್ಯಾನಿಕ್. ಬಾಗಿಲು ತೆರೆದರೆ ಸೆನ್ಸರು ಕಪಾಟಿನ ಮೇಲಿನ ಹಬ್ ಎಂಬ ಡಬ್ಬಿಗೆ ಹೇಳುತ್ತದೆ, ಆ ಡಬ್ಬಿ ಹೊಲಿಗೆಯವಳ ಫೋನಿಗೆ ಹೇಳುತ್ತದೆ. ಫೋನು ಟಿಣ್ ಎಂದರೆ ಅವಳು ಕುತ್ತಿಗೆಯ ಟೇಪು ಸಮೇತ ಓಡಿ ಬಂದು, ಮಾವನನ್ನು ಬಾಗಿಲಲ್ಲೇ ಹಿಡಿದು, ಮಾತಾಡಿಸಿ ಒಳಗೆ ಕೂರಿಸುತ್ತಿದ್ದಳು. ಬಚ್ಚಲಿನದು ನೀರಿನ ಸೆನ್ಸರು. ಮಾವ ಆಗಾಗ ನಲ್ಲಿಗಳನ್ನೆಲ್ಲ ತಿರುಗಿಸಿ ಬಿಡುತ್ತಿದ್ದುದರಿಂದ ಅದೂ ಬೇಕಾಗಿತ್ತು. ಮೊದಲ ಒಂದು ವರ್ಷ ಎಲ್ಲ ಸರಾಗ. ಆಮೇಲೆ ಆಪ್‌ನಲ್ಲಿ ಕೆಂಪು ಗುರುತು ಬಂತು.

“ರೀ, ಮುಂಬಾಗಿಲದ್ದು ಬ್ಯಾಟರಿ ಕಡಿಮೆ ಅಂತಿದೆ. ಕೆಳಗಡೆ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆ ಅಂತಲೂ ಇದೆ. ಮೂರಕ್ಕೂ.”

“ಐದ್ನಿಮಿಷದ ಕೆಲಸ ಕಣೇ. ಭಾನುವಾರ ಮಾಡ್ತೀನಿ.”

“ಖಂಡಿತ?”

“ನಾನು ಮಾತು ಕೊಟ್ಟಮೇಲೆ ಮುಗೀತು.”

ಮೊದಲ ಭಾನುವಾರ ಯಾರದೋ ಗೋಡೆ ಗಡಿಯಾರ ಅಡ್ಡ ಬಂತು. ಎರಡನೆಯದಕ್ಕೆ ನಿದ್ದೆ. ಮೂರನೆಯದಕ್ಕೆ ಸ್ಟೂಲು ಸಿಗಲಿಲ್ಲ. ನಾಲ್ಕನೆಯದಕ್ಕೆ ಸ್ಟೂಲು ಸಿಕ್ಕಿತು, ಅದರ ಮೇಲೆ ಕೂತು ಅವನು ಬೇರೆ ಏನನ್ನೋ ರಿಪೇರಿ ಮಾಡಿದ. ಹೊಲಿಗೆಯವಳು ಐದರವರೆಗೆ ನೆನಪಿಸಿದಳು, ಏಳರವರೆಗೆ ಬೈದಳು, ಆಮೇಲೆ ಬರೀ ನಿಟ್ಟುಸಿರು ಬಿಟ್ಟಳು.

ಅಪ್‌ಡೇಟ್ ಹಾಗಿರಲಿ, ನಡುವೆ ಸೆನ್ಸರು ಪೂರ್ತಿ ಸತ್ತ ದಿನಗಳಲ್ಲಿ ಬ್ಯಾಟರಿಯನ್ನಾದರೂ ಹಾಕಿದನಲ್ಲ ಎನ್ನಬೇಡಿ. ಹಾಕಿದ್ದು ಹೇಗೆ ಕೇಳಿ. ಗಿರಾಕಿಗಳ ರಿಮೋಟಿನಿಂದಲೂ ಗಡಿಯಾರದಿಂದಲೂ ತೆಗೆದ ಹಳೆಯ ಬ್ಯಾಟರಿಗಳನ್ನು ಅವನು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಮೀಟರಿನ ಎರಡು ಕಡ್ಡಿ ಹಚ್ಚಿ ನೋಡುವುದು. ಮೂರು ವೋಲ್ಟಿನ ಹತ್ತಿರ ತೋರಿಸಿತೋ, ಅದು ಅವನ ಪಾಲಿಗೆ ಬದುಕಿದ್ದ ಬ್ಯಾಟರಿ.

“ನೋಡು, ಮೂರಕ್ಕೆ ಕೂದಲೆಳೆಯಷ್ಟು ಕಡಿಮೆ. ಇದನ್ನ ಬಿಸಾಕೋಕೆ ಮನಸ್ಸು ಬರುತ್ತಾ? ಗಡಿಯಾರಕ್ಕೆ ಹಾಕಿದ್ರೆ ಇನ್ನೊಂದು ವರ್ಷ ಓಡುತ್ತೆ.”

“ಇದು ಗಡಿಯಾರ ಅಲ್ಲ ಕಣ್ರೀ.”

“ಅದು ಬ್ಯಾಟರಿಗೆ ಹೇಗೆ ಗೊತ್ತಾಗುತ್ತೆ?”

ಹಾಕಿದ್ದು ಒಂಬತ್ತು ದಿನ ನಡೆಯಿತು. ಮುಂದಿನದು ಆರು ದಿನ. ಅದಕ್ಕೂ ಮುಂದಿನದು ಇನ್ನೊಂದು ಆಟ ಶುರು ಮಾಡಿತು. ಬಾಗಿಲು ಮುಚ್ಚಿದ್ದರೂ ತೆರೆದಿದೆ, ತೆರೆದಿದೆ ಎಂದು ಕೂಗತೊಡಗಿತು. ಒಂದು ಸಲವಂತೂ ದಪ್ಪ ಮೇಷ್ಟ್ರೊಬ್ಬರು ಗುಂಡುಪಿನ್ನು ಚುಚ್ಚಿದ ಕೋಟು ತೊಟ್ಟು, ಎರಡೂ ಕೈ ಅಗಲಿಸಿ ಅಂಗಡಿಯಲ್ಲಿ ನಿಂತಿದ್ದರು. ಫೋನು ಟಿಣ್ ಎಂದಿತು. “ಬಂದೆ ಸಾರ್, ಅಲ್ಲಾಡಬೇಡಿ, ಚುಚ್ಚುತ್ತೆ” ಎಂದು ಹೊಲಿಗೆಯವಳು ಓಡಿದಳು. ಮನೆಯಲ್ಲಿ ಮಾವ ಕುರ್ಚಿಯ ಮೇಲೆ ಕೂತು ಆರಾಮವಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು.

“ಯಾಕಮ್ಮಾ ಏದುಸಿರು? ಯಾರಾದ್ರೂ ಅಟ್ಟಿಸಿಕೊಂಡು ಬಂದ್ರಾ?”

ವಾಪಸ್ ಓಡಿದರೆ ಮೇಷ್ಟ್ರು ಹಾಗೇ ಕೈ ಅಗಲಿಸಿ ನಿಂತಿದ್ದರು. “ನಾನೇನು ಹೊಲದ ಬೆದರುಬೊಂಬೆನಾ ತಾಯಿ?” ಎಂದರು. ಅದೇ ದಿನ ಇನ್ನೆರಡು ಸಲ ಹಾಗೇ ಆಯಿತು. ಮೂರನೆಯ ಓಟದ ಕೊನೆಗೆ ಹೊಲಿಗೆಯವಳಿಗೆ ರೋಸಿಹೋಯಿತು. ಆಪ್ ತೆರೆದು, ಸದ್ದು ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಬಾಗಿಲಿನ ಕೂಗೂ ಹೋಯಿತು, ಬ್ಯಾಟರಿಯ ಕೂಗೂ ಹೋಯಿತು. ಬೇಕಾದಾಗ ನಾನೇ ತೆಗೆದು ನೋಡಿಕೊಳ್ಳುತ್ತೇನೆ ಎಂದುಕೊಂಡಳು. ಗಂಡನಿಗೆ ಹೇಳಲಿಲ್ಲ.

ಹನ್ನೊಂದನೆಯ ಭಾನುವಾರ ಏನು ಗಾಳಿ ಬೀಸಿತೋ, ‘ಐದ್ನಿಮಿಷ’ ತಾನೇ ಸ್ಟೂಲು ಹಾಕಿದ. ಮುಂಬಾಗಿಲ ಸೆನ್ಸರು ಬಿಚ್ಚಿದ. ತಗಡಿನ ಡಬ್ಬಿಯಿಂದ ಒಂದು ಬ್ಯಾಟರಿ ಆರಿಸಿ ಹಾಕಿದ. ಫೋನಿನಲ್ಲಿ ಅಪ್‌ಡೇಟ್ ಒತ್ತಿದ. ಪರದೆಯ ನೀಲಿ ಗೆರೆ ನೂರಕ್ಕೆ ಒಂದು, ಐದು, ಇಪ್ಪತ್ತು ಎಂದು ಏರಿ, ಮೂವತ್ತೇಳಕ್ಕೆ ಬಂದು ನಿಂತಿತು.

“ನಿಂತೇ ಹೋಯ್ತಲ್ಲ ಇದು.”

“ಕಾಯಿರಿ ಸ್ವಲ್ಪ. ತೆಗೀಬೇಡಿ ಅಂತ ಬರೆದಿದೆ.”

“ಎಲ್ಲದಕ್ಕೂ ಹಾಗೇ ಬರೀತಾರೆ. ಒಂದು ಸಲ ಕಿತ್ತು ಹಾಕಿದ್ರೆ ಸರಿ ಹೋಗುತ್ತೆ.” ಬ್ಯಾಟರಿ ಕಿತ್ತ, ಉಫ್ ಎಂದು ಊದಿದ, ಮತ್ತೆ ಹಾಕಿದ. ನೀಲಿ ಗೆರೆ ಮಾಯವಾಯಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಮುಂಬಾಗಿಲು: ಮುಚ್ಚಿದೆ’ ಎಂದು ಕಾಣಿಸಿತು.

“ನೋಡಿದ್ಯಾ? ಆಯ್ತು. ಉಳಿದೆರಡು ಮುಂದಿನ ವಾರ.”

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರು. ಹೊಲಿಗೆಯವಳು ಒಂದು ತೋಳು ಕೂಡಿಸಿ ಫೋನು ತೆರೆದು ನೋಡಿದಳು. ಮುಂಬಾಗಿಲು: ಮುಚ್ಚಿದೆ. ಇನ್ನೊಂದು ತೋಳು ಕೂಡಿಸಿ ಮತ್ತೆ ನೋಡಿದಳು. ಮುಚ್ಚಿದೆ. ನೆಮ್ಮದಿಯಿಂದ ಗುಂಡಿಯ ಡಬ್ಬಿ ಎಳೆದುಕೊಂಡಳು. ಅಷ್ಟರಲ್ಲಿ ಚೌಕದ ಹೂವಿನಂಗಡಿಯವಳು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಳು.

“ಅಕ್ಕಾ, ನಿಮ್ಮ ಮಾವ ಚೌಕದಲ್ಲಿದ್ದಾರೆ! ವಾಲ್ವಿನ ಮುಚ್ಚಳ ಎತ್ತಿ ಒಳಗೆ ಕಾಲಿಟ್ಟುಕೊಂಡು ಕೂತಿದ್ದಾರೆ!”

“ಇಲ್ವೇ, ಬಾಗಿಲು ಮುಚ್ಚಿದೆ...” ಎಂದಳು ಹೊಲಿಗೆಯವಳು, ಫೋನನ್ನು ತೋರಿಸುತ್ತ. ಮಾತು ಮುಗಿಯುವ ಮೊದಲೇ ಅದೆಷ್ಟು ಪೆದ್ದು ಮಾತೆಂದು ಅವಳಿಗೇ ಹೊಳೆಯಿತು. ಓಡಿದಳು.

ಚೌಕದ ನಟ್ಟನಡುವೆ ಮಾವ ಕೂತಿದ್ದರು. ಮನೆಯ ಸಣ್ಣ ಹಾರೆ ಪಕ್ಕದಲ್ಲಿ ಬಿದ್ದಿತ್ತು. ಅವರ ಬೆನ್ನಿಗೂ ಒಂದು ಬಸ್ಸಿನ ಮೂತಿಗೂ ನಡುವೆ ಒಂದು ಮೊಳ ಜಾಗ. ಆ ಬಸ್ಸಿನ ಹಿಂದೆ ಇನ್ನಾರು ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಡ್ರೈವರು ಕಿಟಕಿಯಿಂದ ಅರ್ಧ ಹೊರಬಂದಿದ್ದ.

“ಏನ್ರೀ ಇದು, ರಸ್ತೆ ಮಧ್ಯೆ ಬಾವಿ ತೋಡ್ತಾ ಇದ್ದಾರಾ? ಇನ್ನೊಂದು ಚೂರಾಗಿದ್ರೆ...”

ಹೊಲಿಗೆಯವಳು ಮಾವನ ಮುಂದೆ ಮಂಡಿಯೂರಿದಳು. ಮುಚ್ಚಳದಡಿ ಸಿಕ್ಕಿ ಅವರ ಕೈ ಹೆಬ್ಬೆರಳು ಜಜ್ಜಿತ್ತು, ರಕ್ತ ತೊಟ್ಟಿಕ್ಕುತ್ತಿತ್ತು. ಅವರಿಗೆ ಅದರ ಗೊಡವೆಯಿರಲಿಲ್ಲ.

“ತಡ ಆಯ್ತಮ್ಮಾ. ಮೇಲಿನ ಬೀದಿಯವರು ಬಿಂದಿಗೆ ಹಿಡಿದು ಕಾಯ್ತಿರ್ತಾರೆ.”

“ನೀರು ಬಂತಂತೆ ಮಾವ. ಈಗ ತಾನೇ ಫೋನ್ ಮಾಡಿದ್ರು.”

“ಪ್ರೆಶರ್ ಇದೆಯಂತಾ?”

“ಚೆನ್ನಾಗಿದೆಯಂತೆ. ಏಳಿ, ಕೈ ತೊಳೆಯೋಣ.”

ಅವರು ಸಮಾಧಾನದಿಂದ ಎದ್ದರು. ಡ್ರೈವರು ಕೆಳಗಿಳಿದು, ಬೈಯುವುದನ್ನು ಮರೆತು, ಮುಚ್ಚಳ ಎಳೆದು ಮುಚ್ಚಿದ.

ಮನೆ ಮುಟ್ಟಿದಾಗ ಮುಂಬಾಗಿಲು ಹಾ ಎಂದು ಬಾಯಿ ತೆರೆದಿತ್ತು. ಹೊಸಿಲ ಮೇಲೆ ನಿಂತು ಹೊಲಿಗೆಯವಳು ಫೋನು ನೋಡಿದಳು. ‘ಮುಂಬಾಗಿಲು: ಮುಚ್ಚಿದೆ.’ ಕೈಲಾಗಿದ್ದರೆ ಅದನ್ನೂ ಸೆನ್ಸರನ್ನೂ ಗಂಡನನ್ನೂ ಒಟ್ಟಿಗೆ ಎತ್ತಿ ಬೀದಿಗೆ ಎಸೆಯುತ್ತಿದ್ದಳು. ಮಾವನ ಬೆರಳಿಗೆ ಬಟ್ಟೆ ಸುತ್ತಿ, ಇಬ್ಬರಿಗೆ ಫೋನು ಮಾಡಿದಳು. ಒಂದು ಗಂಡನಿಗೆ, ಒಂದು ಅತ್ತಿಗೆಗೆ.

ಗಂಡ ಮುಖ ಬಿಳುಚಿಕೊಂಡು ಬಂದ. ಬರುವ ದಾರಿಯಲ್ಲಿ ಒಂದು ಹೊಸ ಬೀಗ ಕೊಂಡು ತಂದಿದ್ದ.

“ಆ ಪೀಡೆಗಳನ್ನ ಕಿತ್ತು ಬಿಸಾಕು. ಮಾಲೇ ಸರಿಯಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗೋಣ.”

“ಮನುಷ್ಯನ್ನ ಒಳಗಿಟ್ಟು ಬೀಗ ಹಾಕೋಕೆ ಇದು ಮನೆನಾ ಉಗ್ರಾಣನಾ? ಒಳಗೆ ಬೆಂಕಿ ಗಿಂಕಿ ಬಿದ್ರೆ?”

“ಮತ್ತೇನು ಮಾಡ್ಲಿ? ಬಸ್ಸಿನ ಕೆಳಗೆ ಹೋಗಲಿ ಅಂತ ಬಿಡ್ಲಾ?”

ಮಾವ ಕುರ್ಚಿಯಿಂದ ಬೀಗವನ್ನೇ ನೋಡುತ್ತಿದ್ದರು. “ಯಾರಿಗಪ್ಪಾ ಅದು?” ಎಂದು ಕೇಳಿದರು.

ಮಧ್ಯಾಹ್ನ ಅತ್ತಿಗೆ ಡ್ಯೂಟಿ ಮುಗಿಸಿ, ಸೊಂಟದ ಸಾಮಾನಿನ ಪಟ್ಟಿಯನ್ನೂ ಬಿಚ್ಚದೆ ಬಂದಳು. ಮೊದಲು ಅಪ್ಪನ ಬೆರಳು ನೋಡಿದಳು. ಆಮೇಲೆ ಫೋನು ಕೇಳಿದಳು. ಹಸಿರು ಅಕ್ಷರದ ಮೇಲೆ ಬೆರಳಿಟ್ಟು ಒತ್ತಿದಳು. ಕೆಳಗೆ ಇರುವೆಯಂಥ ಸಣ್ಣ ಅಕ್ಷರ ತೆರೆದುಕೊಂಡಿತು.

“ಓದೋ ಇದನ್ನ.”

“ಕೊನೆಯ ಸಂದೇಶ, ಭಾನುವಾರ, ನಾಲ್ಕು ಗಂಟೆ ಹನ್ನೆರಡು ನಿಮಿಷ.”

“ಇವತ್ತು ಯಾವ ವಾರ?”

“ಮಂಗಳ.”

“ಇದು ಸತ್ತು ಎರಡು ದಿನ ಆಯ್ತು ಕಣೋ. ಸಾಯೋ ಮುಂಚೆ ಆಡಿದ ಕೊನೆ ಮಾತನ್ನೇ ಆಪ್ ಇನ್ನೂ ತೋರಿಸ್ತಾ ಇದೆ. ಮುಚ್ಚಿದೆ ಅಂದ್ರೆ ಮುಚ್ಚಿದೆ ಅಂತಲ್ಲ, ಯಾವಾಗ ಹೇಳಿದ್ದು ಅಂತ ನೋಡಬೇಕು. ಬ್ಯಾಟರಿ ಯಾವುದು ಹಾಕಿದ್ದೆ?”

ಅವನು ತಗಡಿನ ಡಬ್ಬಿ ತೋರಿಸಿದ. ಅತ್ತಿಗೆ ಹಣೆಗೆ ಕೈ ಹಚ್ಚಿಕೊಂಡಳು.

“ಅಕ್ಕ, ಸುಮ್ನೆ ತಲೆ ಚಚ್ಕೋಬೇಡ. ನಾನು ಇಪ್ಪತ್ತು ವರ್ಷದಿಂದ ಬ್ಯಾಟರಿ ಜೊತೆ ಬದುಕಿರೋನು. ಅಳೆದು ನೋಡಿಯೇ ಹಾಕಿದೀನಿ.”

“ಅಳೆ ಮತ್ತೆ, ನನ್ನೆದುರಿಗೆ.”

ಅವನು ಡಬ್ಬಿಯಿಂದ ಒಂದು ಬ್ಯಾಟರಿ ತೆಗೆದು ಮೀಟರು ಹಚ್ಚಿದ. ಎರಡು ಪಾಯಿಂಟ್ ಒಂಬತ್ತು ಎಂಟು. ಗೆದ್ದವನಂತೆ ಹೆಂಡತಿಯ ಮುಖ ನೋಡಿದ. ಅತ್ತಿಗೆ ತನ್ನ ಪಟ್ಟಿಯಿಂದ ಎರಡು ಕಾಲಿನ ಒಂದು ಸಣ್ಣ ತುಂಡು ತೆಗೆದಳು.

“ಇದು ಬ್ಯಾಟರಿಗೆ ಕೆಲಸ ಕೊಡೋ ತುಂಡು. ಸೆನ್ಸರ್ ಹಬ್‌ಗೆ ಕೂಗು ಹಾಕುವಾಗ ಎಷ್ಟು ಎಳೆಯುತ್ತೋ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತೆ. ಈಗ ಇದನ್ನ ಸೇರಿಸಿ ಅಳೆ.”

ಸೇರಿಸಿದ. ಮೀಟರಿನ ಅಂಕಿ ಜಾರಿತು. ಎರಡೂವರೆ. ಎರಡೂಕಾಲು. ಎರಡು. ತುಂಡು ತೆಗೆದೊಡನೆ ಏನೂ ಆಗದವರಂತೆ ಮೆಲ್ಲಗೆ ಮತ್ತೆ ಮೇಲೇರಿತು. ಅವನು ಇನ್ನೊಂದು ಬ್ಯಾಟರಿ ತೆಗೆದ. ಅದೂ ಹಾಗೇ. ಮೂರನೆಯದೂ ಹಾಗೇ.

“ಮೀಟರ್ ಕೆಟ್ಟಿರಬೇಕು,” ಎಂದ.

ಆಗ ಕುರ್ಚಿಯಲ್ಲಿದ್ದ ಮಾವ ಬಾಯಿ ಬಿಟ್ಟರು. “ಮೀಟರ್ ಕೆಟ್ಟಿಲ್ಲ. ನಿನ್ನ ಲೈನ್ ಕೆಟ್ಟಿದೆ.”

ಎಲ್ಲರೂ ತಿರುಗಿ ನೋಡಿದರು. ಅವರ ಕಣ್ಣು ಎಷ್ಟೋ ದಿನದ ಮೇಲೆ ನಿಚ್ಚಳವಾಗಿತ್ತು.

“ನಲ್ಲಿ ಮುಚ್ಚಿಟ್ಟು ಪ್ರೆಶರ್ ಗೇಜ್ ನೋಡಿದ್ರೆ ಎಲ್ಲಾ ಲೈನೂ ಚೆನ್ನಾಗೇ ಇರುತ್ತೆ. ಬಿಟ್ಟು ನೋಡಬೇಕು. ಹಳೇ ಪೈಪು, ಒಳಗೆಲ್ಲಾ ತುಕ್ಕು ಕಟ್ಟಿರುತ್ತೆ. ನೀರು ತುಂಬಿರುತ್ತೆ, ಆದರೆ ಬೇಕಾದಾಗ ಬರಲ್ಲ. ತೊಟ್ಟಿಕ್ಕಿಸೋಕೆ ಆಗುತ್ತೆ, ಮೇಲಿನ ಬೀದಿಗೆ ಏರಿಸೋಕಾಗಲ್ಲ. ಮುಚ್ಚಿದ ನಲ್ಲಿ ಗೇಜ್ ನೋಡಿ ಸಹಿ ಹಾಕೋ ಇಂಜಿನಿಯರ್‌ಗಳನ್ನ ನಾನು ಕಂಡಿಲ್ವಾ? ಅವರ ಪೈಕಿ ಯಾವಾಗ ಸೇರಿಕೊಂಡ್ಯೋ ನೀನು?”

ಅತ್ತಿಗೆ ನಗು ತಡೆಯಲಾರದೆ ಹೇಳಿದಳು: “ಅಪ್ಪ ಹೇಳಿದ್ದೇ ಸರಿ. ಗಡಿಯಾರ ಹನಿ ಹನಿ ಕುಡಿಯೋ ಜೀವ, ಅದಕ್ಕೆ ಹಳೇ ಬ್ಯಾಟರಿ ಸಾಕು. ಸೆನ್ಸರ್ ಹಾಗಲ್ಲ. ಗಂಟೆಗಟ್ಟಲೆ ಸುಮ್ನೆ ಮಲಗಿರುತ್ತೆ, ಕೂಗೋ ಹೊತ್ತಿಗೆ ಒಂದೇ ಗುಟುಕಿಗೆ ಚೊಂಬು ಎತ್ತುತ್ತೆ. ಆಗ ಸಿಗದಿದ್ರೆ ತಲೆ ಸುತ್ತಿ ಬೀಳುತ್ತೆ, ಮತ್ತೆ ಏಳುತ್ತೆ, ಎದ್ದು ಸುಳ್ಳು ಸುಳ್ಳೇ ಕೂಗುತ್ತೆ.”

‘ಐದ್ನಿಮಿಷ’ ಮೀಟರನ್ನು ಮೇಜಿನ ಮೇಲಿಟ್ಟ. ಅಪ್ಪನ ಬಟ್ಟೆ ಸುತ್ತಿದ ಬೆರಳನ್ನು ಒಮ್ಮೆ ನೋಡಿ, ಕಣ್ಣು ತಗ್ಗಿಸಿದ. ಆದರೂ ಒಂದು ಅನುಮಾನ ಉಳಿದಿತ್ತು.

“ಬ್ಯಾಟರಿದು ಒಪ್ಪಿದೆ. ಈ ಫರ್ಮ್‌ವೇರ್ ಯಾಕೆ? ನಡೀತಿರೋದಕ್ಕೆ ಸುಮ್ನೆ ಕೈ ಹಾಕಿ ಕೆಡಿಸೋದ್ಯಾಕೆ?”

“ಫರ್ಮ್‌ವೇರ್ ಅಂದ್ರೆ ಅದರ ತಲೆಯೊಳಗೆ ಬರೆದಿಟ್ಟ ಬುದ್ಧಿ. ಮಾಡಿದವರು ಮನುಷ್ಯರೇ, ತಪ್ಪು ಇರುತ್ತೆ. ಇದರ ಹಳೇ ಬುದ್ಧಿಯಲ್ಲಿ ಒಂದು ತಪ್ಪಿದೆ. ಹಬ್ ಒಂದು ಸಲ ಓ ಅನ್ನದಿದ್ರೆ ನಿಮಿಷಕ್ಕೆ ಹತ್ತು ಸಲ ಕೂಗುತ್ತೆ. ಕೂಗಿ ಕೂಗಿ ಬ್ಯಾಟರಿ ನೆಕ್ಕಿಹಾಕುತ್ತೆ. ಅದನ್ನ ಸರಿ ಮಾಡಿ ಹೊಸದು ಕಳಿಸಿದ್ದಾರೆ, ಅಲ್ಲೇ ಬರೆದಿದೆ, ನೀನು ಓದಿಲ್ಲ. ಹೊರಗಿನವರು ಕಳ್ಳದಾರೀಲಿ ನುಗ್ಗೋ ಕಂಡಿ ಏನಾದ್ರೂ ಇದ್ರೆ ಅದನ್ನೂ ಹೀಗೇ ಮುಚ್ಚೋದು.”

“ನಾನು ಅಪ್‌ಡೇಟ್ ಮಾಡಿದ ಮೇಲೇ ಅಲ್ವಾ ಇದು ಸತ್ತಿದ್ದು?”

“ನೀನು ಮಾಡಲಿಲ್ಲ. ಸುಸ್ತಾದ ಬ್ಯಾಟರಿ ಹಾಕಿ ಶುರು ಮಾಡಿ, ಮಧ್ಯದಲ್ಲಿ ಕಿತ್ತೆ. ಆಪರೇಷನ್ ಅರ್ಧಕ್ಕೆ ಬಿಟ್ಟು ಡಾಕ್ಟರ್ ಕಾಫಿಗೆ ಎದ್ದು ಹೋದ ಹಾಗೆ.” ಅತ್ತಿಗೆ ಹೊಲಿಗೆಯವಳ ಕಡೆ ತಿರುಗಿದಳು. “ಅದಿರಲಿ, ಸೆನ್ಸರ್ ಮಾತು ಬಿಟ್ಟಿದೆ ಅಂತ ನಿನ್ನ ಫೋನ್ ಕೂಗಲಿಲ್ವೇನೇ?”

ಹೊಲಿಗೆಯವಳು ಮುಟ್ಟಿದರೆ ಮುನಿಯಂತೆ ಮುದುಡಿದಳು. “ನಾನೇ ಅದರ ಬಾಯಿ ಮುಚ್ಚಿಸಿದ್ದೆ ಅತ್ತಿಗೆ. ದಿನಕ್ಕೆ ಮೂರು ಸಲ ಸುಮ್ಸುಮ್ನೆ ಓಡಿ ಓಡಿ ಸಾಕಾಗಿತ್ತು.”

“ಸುಳ್ಳು ಕರೆಗೆ ಓಡಿ ಸಾಕಾದವರೆಲ್ಲ ಮಾಡೋದೇ ಅದು. ನಮ್ಮ ಆಸ್ಪತ್ರೇಲಿ ಒಬ್ಬ ಅಲಾರಂ ಬಾಯಿಗೆ ಹತ್ತಿ ತುರುಕಿದ್ದ. ಸುಳ್ಳು ಕೂಗಿದ್ರೆ ಯಾಕೆ ಅಂತ ಹುಡುಕಬೇಕು, ಬಾಯಿ ಮುಚ್ಚಿಸಬಾರದು.”

“ನೀನೂನಾ!” ಎಂದ ಗಂಡ, ಸ್ವಲ್ಪ ಹುರುಪಿನಿಂದಲೇ.

“ನೀವು ಸುಮ್ನಿರಿ,” ಎಂದಳು ಹೆಂಡತಿ. “ನನ್ನದು ಒಂದು ತಪ್ಪು. ನಿಮ್ಮದು ಹನ್ನೊಂದು ಭಾನುವಾರ.”

“ಸರಿ, ಅಕ್ಕ ಬಂದಿದ್ದಾಳಲ್ಲ, ಅವಳೇ ಮಾಡಲಿ...”

“ನಾನು ಮುಟ್ಟಲ್ಲ,” ಎಂದಳು ಅತ್ತಿಗೆ, ಕೈಕಟ್ಟಿ ಕೂತು. “ಮಾತು ಕೊಟ್ಟವನು ನೀನು. ಬೀಗ ತಂದವನೂ ನೀನು. ಯಾವುದು ಬೇಕು ಅಂತ ನೀನೇ ನೋಡು.”

ಅವನು ಬೀಗವನ್ನು ಎತ್ತಿಕೊಂಡು ಹೊರಗೆ ಹೋದ. ಬರುವಾಗ ಕೈಯಲ್ಲಿ ಬೀಗವಿರಲಿಲ್ಲ. ಹೊಸ ಬ್ಯಾಟರಿಯ ಪ್ಯಾಕೆಟ್ಟಿತ್ತು. ಒಡೆಯದ ಪ್ಯಾಕೆಟ್ಟು, ಸೆನ್ಸರಿನ ಹಿಂದೆ ಬರೆದ ನಂಬರಿನದೇ, ಬಳಸುವ ಕಡೆಯ ತಾರೀಖು ಇನ್ನೂ ಬಹಳ ದೂರ. ಅತ್ತಿಗೆ ತಲೆಯಾಡಿಸಿದಳು.

ಆಮೇಲಿನ ಕೆಲಸದಲ್ಲಿ ಅವನ ಕೈಯೇ ಕೈ. ಚಿಮಟದಲ್ಲಿ ಹಳೆಯದನ್ನು ತೆಗೆದ. ಒಣ ಬಟ್ಟೆಯಿಂದ ಒಳಗಿನ ಲೋಹದ ಪಟ್ಟಿಯನ್ನು ಒರೆಸಿದ. ಬ್ಯಾಟರಿಯ ಮೈಗೆ ಬೆರಳ ಜಿಡ್ಡು ತಾಗದಂತೆ ಅಂಚು ಹಿಡಿದು ಕೂರಿಸಿದ. ಸತ್ತ ಸೆನ್ಸರಿನ ಪಕ್ಕದ ಸಣ್ಣ ತೂತಿಗೆ ಗುಂಡುಪಿನ್ನು ಒತ್ತಿ, ಅತ್ತಿಗೆ ಹತ್ತು ಎಣಿಸುವವರೆಗೆ ಹಿಡಿದ. ದೀಪ ಮಿನುಗಿತು. ಹಬ್‌ಗೆ ಮತ್ತೆ ಪರಿಚಯ ಮಾಡಿಸಿದ. ಸೆನ್ಸರನ್ನು ಹಬ್‌ನ ಪಕ್ಕದಲ್ಲೇ ಇಟ್ಟು, ಬ್ಯಾಟರಿ ಪೂರ್ತಿ ಇದೆಯೆಂದು ನೋಡಿಕೊಂಡು, ಅಪ್‌ಡೇಟ್ ಒತ್ತಿದ.

ಗೆರೆ ಏರಿತು. ಮೂವತ್ತೇಳಕ್ಕೆ ಬಂದು ಮತ್ತೆ ನಿಂತಿತು. ಅವನ ಬೆರಳುಗಳು ಮೇಜಿನ ಮೇಲೆ ಕುಣಿಯತೊಡಗಿದವು.

“ಮುಟ್ಟಿದ್ರೆ ನೋಡಿ ಮತ್ತೆ!” ಹೊಲಿಗೆಯವಳು ಬಣ್ಣಬಣ್ಣದ ಗುಂಡಿಗಳ ಡಬ್ಬಿಯನ್ನು ಅವನ ಮುಂದೆ ಸುರಿದಳು. “ಬಿಳಿ ಒಂದು ಕಡೆ, ಕಪ್ಪು ಒಂದು ಕಡೆ. ಕೈಗೆ ಕೆಲಸ ಇರಲಿ.”

“ವಾಲ್ವ್ ಬಿಟ್ಟ ಮೇಲೆ ನೀರು ಏರೋಕೆ ಹೊತ್ತು ಬೇಕಪ್ಪ,” ಎಂದರು ಮಾವ. “ಮಧ್ಯೆ ಮಧ್ಯೆ ತಿರುಗಿಸಿದ್ರೆ ಗಾಳಿ ಸೇರಿಕೊಳ್ಳುತ್ತೆ.”

ಇಪ್ಪತ್ತೈದು ನಿಮಿಷಕ್ಕೆ ಮೊದಲನೆಯದು ಮುಗಿಯಿತು. ಹಿಂಬಾಗಿಲಿನದು ಮುಗಿಯುವಷ್ಟರಲ್ಲಿ ಕಪ್ಪು ಬಿಳಿ ಬೇರೆಯಾಗಿ ನೀಲಿಗೆ ಬಂದಿತ್ತು. ಈಗ ಬಚ್ಚಲಿನದು ಶುರುವಾಗಿದೆ. ಗೆರೆ ಇನ್ನೂ ಹನ್ನೆರಡರಲ್ಲಿದೆ. ಅದು ತುಂಬುವವರೆಗೆ ಓದುತ್ತಿರುವ ನಿಮಗೆ ನಾಲ್ಕು ಮಾತು ಹೇಳಲು ಹೊತ್ತಿದೆ.

ನಿಮ್ಮ ಮನೆಯಲ್ಲೂ ಇಂಥ ಪುಟ್ಟ ಕಾವಲುಗಾರರು ಇರಬಹುದು. ಬಾಗಿಲಿಗೋ, ಹೊಗೆಗೋ, ನೀರಿಗೋ. ಇವತ್ತೇ ಒಮ್ಮೆ ಅವರ ಮುಂದೆ ನಿಂತು ಮಾತಾಡಿಸಿ. ಬಾಗಿಲು ತೆರೆಯಿರಿ, ಫೋನು ಕೂಗಿತೇ ನೋಡಿ. ಕೂಗದಿದ್ದರೆ ಪರದೆಯ ಮೇಲಿನ ಹಸಿರು ಅಕ್ಷರವನ್ನು ನಂಬಿ ಕೂರಬೇಡಿ, ಕೊನೆಯ ಸಂದೇಶ ಯಾವಾಗ ಬಂದದ್ದೆಂದು ಹುಡುಕಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಬ್ಯಾಟರಿ ಕಡಿಮೆ ಎಂದು ಕಂಡ ವಾರವೇ ಹೊಸದು ಹಾಕಿ. ಬೇರೆ ಸಾಮಾನಿನಿಂದ ತೆಗೆದ ಹಳೆಯದನ್ನು ಹಾಕಬೇಡಿ, ಹೊಸದರ ಜೊತೆ ಹಳೆಯದನ್ನು ಸೇರಿಸಲೂಬೇಡಿ. ಹಾಕಿದ ದಿನವನ್ನು ಸೆನ್ಸರಿನ ಮೇಲೆ ಬರೆದಿಡಿ. ಬ್ಯಾಟರಿ ಎಣಿಸಿದ್ದಕ್ಕಿಂತ ಬೇಗ ಬೇಗ ಮುಗಿಯುತ್ತಿದ್ದರೆ ಹಬ್ ಬಹಳ ದೂರವಿದೆಯೇ, ಅಪ್‌ಡೇಟ್ ಬಾಕಿಯಿದೆಯೇ ಎಂದು ನೋಡಿ. ಅಪ್‌ಡೇಟನ್ನು ಸೆನ್ಸರಿನ ಜೊತೆ ಬಂದ ಆಪ್‌ನಿಂದಲೇ ಮಾಡಿ. ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಒಂದಾದ ಮೇಲೆ ಒಂದು ಮಾಡಿ. ನಡುವೆ ಬ್ಯಾಟರಿ ಕೀಳಬೇಡಿ, ಗೆರೆ ಎಷ್ಟು ಹೊತ್ತು ನಿಂತರೂ ಸರಿ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಲೇಬೇಡಿ. ತೆಗೆದ ನಾಣ್ಯದಗಲದ ಬ್ಯಾಟರಿ ಸತ್ತಂತೆ ಕಂಡರೂ ಮಗುವಿನ ಗಂಟಲಿಗೆ ಇಳಿದರೆ ಒಳಗೆಲ್ಲ ಸುಡುತ್ತದೆ. ಎರಡೂ ಮುಖಕ್ಕೆ ಅಂಟುಪಟ್ಟಿ ಹಚ್ಚಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟು, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಡಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ನಾಳೆ ಮಾಡೋಣ, ವಾರದ ಕೊನೆಗೆ ಮಾಡೋಣ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ ಈ ಹಾಳೆಯನ್ನು ಅವರ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೇ ನಿಂತಿರಿ.

ಅಗೋ, ಗೆರೆ ತುಂಬಿತು.

‘ಐದ್ನಿಮಿಷ’ ನೀರಿನ ಸೆನ್ಸರನ್ನು ಬಚ್ಚಲಿಗೆ ಒಯ್ದು, ಕೆಳಗೆ ಒಂದು ಚಮಚ ನೀರು ಹನಿಸಿದ. ಫೋನು ಕೂಗಿತು. ಒರೆಸಿ ಮೂಲೆಯಲ್ಲಿಟ್ಟ. ಹಿಂಬಾಗಿಲಿನದನ್ನು ಅಂಟಿಸಿ ತೆರೆದು ಮುಚ್ಚಿದ. ಅದೂ ಕೂಗಿತು. ಮುಂಬಾಗಿಲಿಗೆ ಬರುವ ಹೊತ್ತಿಗೆ ಅತ್ತಿಗೆ ತಡೆದಳು.

“ಇಲ್ಲೇ ಪಕ್ಕದಲ್ಲಿ ಫೋನ್ ಹಿಡ್ಕೊಂಡು ನೋಡಿದ್ರೆ ಆಗಲ್ಲ. ಅವಳು ದಿನವೆಲ್ಲ ಎಲ್ಲಿರ್ತಾಳೋ ಅಲ್ಲಿಗೆ ಹೋಗಲಿ. ಹೋಗಮ್ಮಾ, ಫೋನಿನ ಸದ್ದು ಹಾಕ್ಕೊಂಡು ಹೋಗು.”

ಹೊಲಿಗೆಯವಳು ಅಂಗಡಿಗೆ ಹೋಗಿ, ಮಿಷನ್ನಿನ ಮುಂದೆ ತನ್ನ ಎಂದಿನ ಜಾಗದಲ್ಲೇ ಕೂತಳು. ಸದ್ದು ಪೂರ್ತಿ ಏರಿಸಿ ಫೋನನ್ನು ಬಟ್ಟೆಯ ಮೇಲೆ ಇಟ್ಟಳು. ಅತ್ತ ಗಂಡ ಸ್ಟೂಲು ಹತ್ತಿ, ಚೌಕಟ್ಟಿಗೆ ಸೆನ್ಸರು, ಬಾಗಿಲಿಗೆ ಅದರ ಅಯಸ್ಕಾಂತ, ನಡುವೆ ಒಂದು ಬೆರಳಿಗಿಂತ ಕಡಿಮೆ ಸಂದು ಬರುವಂತೆ ಅಂಟಿಸಿದ.

“ಅಪ್ಪ, ಬಾಗಿಲು ನೀವೇ ತೆಗೀರಿ,” ಎಂದ.

“ಹೊರಗೆ ಹೋಗಬಹುದಾ?”

“ಹೋಗಬಹುದು. ಅವಳು ಬರ್ತಾಳೆ ಜೊತೆಗೆ.”

ಮಾವ ಚಿಲಕ ಸರಿಸಿದರು. ಹತ್ತು ಮನೆಯಾಚೆ ಫೋನು ಟಿಣ್ ಎಂದಿತು. ‘ಮುಂಬಾಗಿಲು: ತೆರೆದಿದೆ. ಈಗ.’ ಹೊಲಿಗೆಯವಳು ಟೇಪನ್ನು ಕುತ್ತಿಗೆಯಿಂದ ತೆಗೆದಿಟ್ಟು, ಈ ಸಲ ಓಡದೆ ನಡೆದುಕೊಂಡೇ ಬಂದಳು. ಬರುವಷ್ಟರಲ್ಲಿ ಮಾವ ಇನ್ನೂ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಹುಡುಕುತ್ತಿದ್ದರು. ಅವಳು ಅವನ್ನು ಕಾಲಿನ ಮುಂದೆ ಜೋಡಿಸಿ ಇಟ್ಟಳು. ಗಂಡ ಸ್ಟೂಲಿನ ಮೇಲೆಯೇ ನಿಂತು, ಸೆನ್ಸರಿನ ಅಂಚಿನಲ್ಲಿ ಅಂದಿನ ತಾರೀಖು ಬರೆದು, ಪೆನ್ನಿನ ಮುಚ್ಚಳ ಹಾಕಿ ಕೆಳಗಿಳಿದ.